ಚಂದಾ ಆ್ಯಪ್‌ನ ಕ್ರೀಡಾ ವರದಿಗಾರರ ಕೆಲಸ ಹೋದರೆ: ಕಲಬುರಗಿಯಿಂದ ನನ್ನ ಅನುಭವ

2025ರ ಜೂನ್ 3ರ ರಾತ್ರಿ ಆರ್‌ಸಿಬಿ ಮೊದಲ ಸಲ ಐಪಿಎಲ್ ಗೆದ್ದಿತು. ಮರುದಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಕಾಲ್ತುಳಿತದಲ್ಲಿ 11 ಜನ ತೀರಿಕೊಂಡರು. ಆ ಎರಡು ದಿನ ನಮ್ಮ ವರದಿಗಾರರ ತಂಡದಲ್ಲಿ ಯಾರೂ ಸರಿಯಾಗಿ ಮಲಗಲಿಲ್ಲ. ಓದುಗರು ಮುಗಿಬಿದ್ದು ಬಂದರು. ಇಷ್ಟು ಓದುಗರು ಬಂದಿದ್ದಾರೆ, ಇನ್ನೊಂದು ವರ್ಷಕ್ಕೆ ಚಿಂತೆಯಿಲ್ಲ ಅಂತ ನಾವೆಲ್ಲ ಅಂದುಕೊಂಡೆವು. ಅದೇ ತಿಂಗಳು ನಮ್ಮಲ್ಲಿ ಹಲವರ ಕೆಲಸ ಹೋಯಿತು. ನನ್ನದೂ.

ನನ್ನ ಬಾಕಿಯ ಕಡೇ ಕಂತು ಬಂದಿದ್ದು ನವೆಂಬರ್‌ನಲ್ಲಿ. ನಡುವಿನ ತಿಂಗಳುಗಳಲ್ಲಿ ಯಾರನ್ನು ಕೇಳಬೇಕು, ಯಾವ ಕಾಗದ ಬೇಕು, ಯಾವುದಕ್ಕೆ ಸಹಿ ಹಾಕಬಾರದು ಅಂತ ಹೇಳುವವರು ಸಿಗದೆ ಬಹಳ ಒದ್ದಾಡಿದೆ. ಬೆಂಗಳೂರಿನಲ್ಲಾದರೆ ಪ್ರೆಸ್ ಕ್ಲಬ್‌ನಲ್ಲೋ ಹಳೇ ಆಫೀಸಿನಲ್ಲೋ ಒಬ್ಬರು ಸಿಗುತ್ತಾರೆ. ಕಲಬುರಗಿಯಲ್ಲಿ ಮನೆಯಿಂದ ಕೆಲಸ ಮಾಡುವವರಿಗೆ ಅದೂ ಇಲ್ಲ. ಹಾಗಾಗಿ ನಡೆದದ್ದನ್ನೆಲ್ಲ ಬರೆದಿಡುತ್ತಿದ್ದೇನೆ.

ನಮ್ಮದು ಚಂದಾ ಕಟ್ಟಿ ಓದುವ ಕ್ರೀಡಾ ಆ್ಯಪ್, ಮುಖ್ಯ ಕಚೇರಿ ಮುಂಬೈ. 2021ರಲ್ಲಿ ಸೇರಿದೆ. ಕ್ರಿಕೆಟ್ ಜೊತೆಗೆ ನಮ್ಮ ಭಾಗದ ಆಟಗಳನ್ನೂ ಬರೆಯುವ ಅವಕಾಶ ಕೊಟ್ಟಿದ್ದರು. 2022ರಲ್ಲಿ ಗುಲ್ಬರ್ಗಾ ಮಿಸ್ಟಿಕ್ಸ್ ತಂಡ ರಾಜ್ಯದ ಟಿ20 ಲೀಗ್ ಮಹಾರಾಜ ಟ್ರೋಫಿ ಗೆದ್ದಾಗ ಬರೆದೆ. ರಾಜ್ಯ ಕ್ರಿಕೆಟ್ ಸಂಸ್ಥೆ ಕೆಎಸ್‌ಸಿಎಯ ರಾಯಚೂರು ವಲಯದ ಹುಡುಗರು ಚಾಪೆ ಹಾಸಿದ ಮ್ಯಾಟಿಂಗ್ ವಿಕೆಟ್ ಮೇಲೆ ಆಡಿ, ಬೆಂಗಳೂರಿನ ಟರ್ಫ್, ಅಂದರೆ ಮಣ್ಣು-ಹುಲ್ಲಿನ ಪಿಚ್ ಮೇಲೆ ಹೇಗೆ ತಡವರಿಸುತ್ತಾರೆ ಅಂತ ಬರೆದೆ. ಜಾತ್ರೆ ಕುಸ್ತಿ, ಯಾದಗಿರಿ ಕಡೆಯ ಖೋ ಖೋ ಹುಡುಗಿಯರು, ಚಂದ್ರಶೇಖರ ಪಾಟೀಲ ಕ್ರೀಡಾಂಗಣದಲ್ಲಿ ಬೆಳಗಿನ ಐದಕ್ಕೆ ಓಡುವ ಪೊಲೀಸ್ ಭರ್ತಿಯ ಹುಡುಗರು. ಇವನ್ನೆಲ್ಲ ಬೇರೆ ಯಾರೂ ಬರೆಯುತ್ತಿರಲಿಲ್ಲ.

ಕರೆ ಬಂದಿದ್ದು ಮಧ್ಯಾಹ್ನ. ವಿಡಿಯೋ ಕಾಲ್‌ನಲ್ಲಿ ಸಂಪಾದಕರ ಜೊತೆ ಎಚ್‌ಆರ್‌ನವರೂ ಕೂತಿದ್ದರು. ನೋಡಿದ ಕೂಡಲೇ ಎದೆ ಧಸಕ್ಕೆಂದಿತು. ಪ್ರಾದೇಶಿಕ ವರದಿಗಾರಿಕೆಯನ್ನು ನಿಲ್ಲಿಸುತ್ತಿದ್ದೇವೆ ಅಂದರು. ಸಂಪಾದಕರು ತಲೆ ತಗ್ಗಿಸಿಯೇ ಇದ್ದರು. ಆಮೇಲೆ ಎಚ್‌ಆರ್ ಹೇಳಿದ ಮಾತನ್ನು ಎಲ್ಲರೂ ಗಮನಿಸಬೇಕು: "ನೀವೇ ರಾಜೀನಾಮೆ ಮೇಲ್ ಕಳಿಸಿಬಿಡಿ, ಮುಂದಿನ ಕೆಲಸಕ್ಕೆ ನಿಮ್ಮ ರೆಕಾರ್ಡ್ ಚೆನ್ನಾಗಿರುತ್ತೆ."

ಕಳಿಸಬೇಡಿ. ನಾನು ಸಂಜೆವರೆಗೆ ಸಮಯ ಕೇಳಿ, ಬೆಂಗಳೂರಿನ ಹಿರಿಯ ಪತ್ರಕರ್ತರೊಬ್ಬರಿಗೆ ಫೋನ್ ಮಾಡಿದೆ. "ತೆಗೆದಿದ್ದೇವೆ ಅಂತ ಅವರೇ ಕಾಗದ ಕೊಡಲಿ, ನೀವು ಬಿಟ್ಟಿದ್ದೇನೆ ಅಂತ ಬರೆದುಕೊಡಬೇಡಿ" ಅಂದರು. ಇದರ ಬೆಲೆ ನನಗೆ ತಿಂಗಳುಗಳ ನಂತರ ಗೊತ್ತಾಯಿತು. ನೀವಾಗಿ ರಾಜೀನಾಮೆ ಕೊಟ್ಟರೆ ಕೆಲಸದಿಂದ ತೆಗೆದಿದ್ದಕ್ಕೆ ಕಾನೂನು ಕೊಡಿಸುವ ಪರಿಹಾರ, ಅಂದರೆ ಸೇವೆಯ ಪ್ರತಿ ವರ್ಷಕ್ಕೆ 15 ದಿನದ ಸಂಬಳ, ಕೇಳುವಂತಿಲ್ಲ. ಪಿಎಫ್‌ದೂ ಹಾಗೆಯೇ. ಐದು ವರ್ಷ ತುಂಬುವ ಮೊದಲು ಪಿಎಫ್ ಹಣ ಪೂರ್ತಿ ತೆಗೆದರೆ ತೆರಿಗೆ ಬೀಳುತ್ತದೆ. ಆದರೆ ಕಂಪನಿ ವ್ಯವಹಾರ ಕಡಿಮೆ ಮಾಡಿ, ನಮ್ಮ ಕೈಮೀರಿದ ಕಾರಣಕ್ಕೆ ಕೆಲಸ ಹೋಗಿದ್ದರೆ ಆ ತೆರಿಗೆ ಇಲ್ಲ. ಹಾಗಂತ ತೋರಿಸಲು ಕಾಗದ ಬೇಕು. ಕೆಲಸದಿಂದ ತೆಗೆದ ಪತ್ರವನ್ನು ಕಂಪನಿಯ ಲೆಟರ್‌ಹೆಡ್‌ನಲ್ಲಿ, ಕಾರಣ ಸಮೇತ ಕೇಳಿ ತಗೊಳ್ಳಿ. ನನಗೆ ಎರಡು ದಿನ ಹಟ ಹಿಡಿದ ಮೇಲೆ ಬಂತು.

ಅವ್ವನಿಗೆ ಆ ರಾತ್ರಿಯೇ ಹೇಳಿದೆ. ಅಡಿಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದವಳು ಕೈ ನಿಲ್ಲಿಸಲಿಲ್ಲ. "ಹೋತಂದ್ರ ಹೋತು. ಪಗಾರ ಕೊಡ್ತಾರಿಲ್ಲ ಹೇಳು ಮೊದಲ" ಅಂದಳು. ಆಮೇಲೆ, "ನನ್ನ ಗುಳಿಗಿ ಕಾರ್ಡ್ ನಡೀತದೇನು?" ಅಂತ ಕೇಳಿದಳು. ಆ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ಗುಳಿಗಿ ಕಾರ್ಡ್ ಅಂದರೆ ಕಂಪನಿಯ ಗುಂಪು ಆರೋಗ್ಯ ವಿಮೆ. ಅವ್ವನಿಗೆ ಸಕ್ಕರೆ ಕಾಯಿಲೆ, ಬಿಪಿ ಎರಡೂ ಇದೆ. ಈ ವಿಮೆ ಕೆಲಸದ ಕೊನೆಯ ದಿನಕ್ಕೇ ಮುಗಿಯುತ್ತದೆ. ಹೊಸದಾಗಿ ಪಾಲಿಸಿ ಮಾಡಿಸಿದರೆ ಮೊದಲೇ ಇರುವ ಕಾಯಿಲೆಗಳಿಗೆ ವರ್ಷಗಟ್ಟಲೆ ಕಾಯಬೇಕು. ಆದರೆ ಅದೇ ವಿಮಾ ಕಂಪನಿಯ ವೈಯಕ್ತಿಕ ಪಾಲಿಸಿಗೆ ಬದಲಾಯಿಸಿಕೊಳ್ಳುವ ದಾರಿ ಇದೆ. ಆಗ ಗುಂಪು ವಿಮೆಯಲ್ಲಿ ಕಳೆದ ವರ್ಷಗಳನ್ನೂ ಲೆಕ್ಕಕ್ಕೆ ಹಿಡಿಯುತ್ತಾರೆ. ಕೊನೆಯ ದಿನ ಮುಗಿಯುವ ಮೊದಲೇ ಅರ್ಜಿ ಹಾಕಿ, ಕಾದು ಕೂರಬೇಡಿ. ನಾನು ಕಟ್ಟುವಾಗ ಕಂತಿನ ಮೇಲೆ ಶೇ 18 ಜಿಎಸ್‌ಟಿ ಇತ್ತು, ಕೈಯಲ್ಲಿದ್ದ ಉಳಿತಾಯದ ದೊಡ್ಡ ಪಾಲು ಅಲ್ಲಿಗೇ ಹೋಯಿತು. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ವಿಮೆಗೆ ಜಿಎಸ್‌ಟಿ ತೆಗೆದಿದ್ದಾರೆ. ಈಗ ಮಾಡಿಸುವವರಿಗೆ ಅಷ್ಟಾದರೂ ಹಗುರ.

ಇನ್ನೊಂದು ವಿಷಯ ನಮ್ಮ ವೃತ್ತಿಗೇ ಸೇರಿದ್ದು. ಅದರ ಬಗ್ಗೆ ಯಾರೂ ಹೇಳುವುದಿಲ್ಲ. ಚಂದಾ ಆ್ಯಪ್‌ನಲ್ಲಿ ಬರೆದದ್ದು ಬೀಗದ ಒಳಗಿರುತ್ತದೆ. ನಮ್ಮ ಲಾಗಿನ್ ಹೋದ ಕ್ಷಣ ನಾವು ಬರೆದದ್ದನ್ನು ನಾವೇ ಓದಲು ಆಗುವುದಿಲ್ಲ. ಪತ್ರಿಕೆಯಲ್ಲಿ ಬರೆದವರ ಹತ್ತಿರ ಕತ್ತರಿಸಿಟ್ಟ ತುಣುಕಾದರೂ ಇರುತ್ತದೆ, ಅಲ್ವಾ? ನನಗೆ ಲಾಗಿನ್ ಸಂಜೆ ಏಳಕ್ಕೆ ಬಂದ್ ಅಂದಿದ್ದರು. ಸಂಪಾದಕರನ್ನು ಕೇಳಿ ಒಪ್ಪಿಗೆಯನ್ನು ಮೇಲ್‌ನಲ್ಲೇ ತಗೊಂಡು, ತಮ್ಮನನ್ನು ಪಕ್ಕ ಕೂರಿಸಿಕೊಂಡು, ಪ್ರಕಟವಾದ ನನ್ನ ಲೇಖನಗಳನ್ನು ಒಂದೊಂದೇ ತೆರೆದು ಪಿಡಿಎಫ್ ಮಾಡಿದೆ. ಕರೆಂಟ್ ಬೇರೆ ಹೋಗಿಬರುತ್ತಿತ್ತು. ಏಳಕ್ಕೆ ಸರಿಯಾಗಿ ಪರದೆಯ ಮೇಲೆ "ಓದಲು ಚಂದಾದಾರರಾಗಿ" ಅಂತ ಬಂತು. ಹಿಂದೆ ಅದೇ ಲೇಖನ, ಮೇಲೆ ನನ್ನದೇ ಹೆಸರು, ಮೊದಲ ಎರಡು ಸಾಲು ಮಾತ್ರ ಕಾಣುತ್ತಿತ್ತು. ಯಾದಗಿರಿಯ ಹುಡುಗಿಯರ ಕಥೆ ಅದು. ಇಡೀ ದಿನ ತಡೆದುಕೊಂಡಿದ್ದ ಅಳು ಆಗ ಬಂತು.

ಈಗ ಕೆಲಸದಲ್ಲಿ ಇರುವವರು ತಿಂಗಳಿಗೊಮ್ಮೆ ನಿಮ್ಮ ಲೇಖನಗಳ ಪ್ರತಿ ಇಟ್ಟುಕೊಳ್ಳಿ. ಮುಂದೆ ಕೆಲಸ ಕೇಳಲು ಹೋದಾಗ ತೋರಿಸಲು ಬೇರೇನೂ ಇರುವುದಿಲ್ಲ. ಹಾಗೆಯೇ ಸಂಬಳದ ಚೀಟಿಗಳು, ನೇಮಕಾತಿ ಪತ್ರ, ರಜೆಯ ಲೆಕ್ಕ, ಫಾರ್ಮ್ 16, ಇವೆಲ್ಲ ಕಂಪನಿಯ ಪೋರ್ಟಲ್‌ನಲ್ಲೇ ಇದ್ದರೆ ಸಾಲದು. ಸ್ವಂತ ಮೇಲ್‌ಗೆ ತಗೊಂಡಿರಬೇಕು.

ನಂತರದ್ದು ಲ್ಯಾಪ್‌ಟಾಪ್. ಅದು ಮುಂಬೈ ಮುಟ್ಟುವವರೆಗೆ ಬಾಕಿ ಲೆಕ್ಕ ಶುರು ಮಾಡುವುದಿಲ್ಲ ಅಂದರು. ತಗೊಂಡು ಹೋಗಲು ಯಾರನ್ನೂ ಕಳಿಸಲಿಲ್ಲ. ಸೂಪರ್ ಮಾರ್ಕೆಟ್‌ನ ಕೊರಿಯರ್ ಅಂಗಡಿಗೆ ಹೋದರೆ, ಬ್ಯಾಟರಿ ಇರುವ ಸಾಮಾನು ವಿಮಾನದಲ್ಲಿ ಹೋಗಲ್ಲ, ರಸ್ತೆ ಮೇಲೆ ಕಳಿಸಬೇಕು ಅಂದರು. ಪಕ್ಕದ ಬೇಳೆ ಅಂಗಡಿಯವರು ದಪ್ಪ ರಟ್ಟಿನ ಡಬ್ಬ ಕೊಟ್ಟರು. ಲ್ಯಾಪ್‌ಟಾಪ್ ಸುತ್ತ ಹಳೇ ಸೀರೆ ತುರುಕಿ, ಟೇಪ್ ಸುತ್ತಿ, ಸೀರಿಯಲ್ ನಂಬರ್ ಕಾಣುವ ಹಾಗೆ ಫೋಟೋ ತೆಗೆದು ಕಳಿಸಿದೆ. ರಸೀದಿ ಇಟ್ಟುಕೊಂಡಿದ್ದು ಒಳ್ಳೇದಾಯಿತು. ಮುಂಬೈಯವರು ಆಮೇಲೆ ಚಾರ್ಜರ್ ಬಂದಿಲ್ಲ ಅಂದರು, ಫೋಟೋದಲ್ಲಿ ಚಾರ್ಜರ್ ಇತ್ತು.

ಕೆಲಸದಿಂದ ತೆಗೆದ ಪತ್ರದಲ್ಲಿ 45 ದಿನದಲ್ಲಿ ಬಾಕಿ ಕೊಡುತ್ತೇವೆ ಅಂತ ಇತ್ತು. ಜೂನ್ ಸಂಬಳ, ಒಂದು ತಿಂಗಳ ನೋಟಿಸ್ ಸಂಬಳ, ಉಳಿದ ರಜೆಯ ಹಣ. ಜುಲೈ ಕಳೆಯಿತು. ಮೇಲ್ ಬರೆದರೆ "ಫೈನಾನ್ಸ್‌ನಲ್ಲಿದೆ" ಅನ್ನುವ ಒಂದೇ ಸಾಲು. ಆಮೇಲೆ ಅದೂ ಬರಲಿಲ್ಲ.

ಕಾಯುವ ಆ ದಿನಗಳಲ್ಲಿ ಬೇರೆ ಕಡೆ ಹೀಗಾದದ್ದನ್ನೆಲ್ಲ ಹುಡುಕಿ ಓದಿದೆ. ಸಮಾಧಾನಕ್ಕಲ್ಲ, ನಾವು ಮಾಡಿದ ಕೆಲಸಕ್ಕೆ ಮುಂದೆ ಜಾಗ ಇದೆಯೋ ಇಲ್ಲವೋ ತಿಳಿಯಬೇಕಿತ್ತು. ನಮ್ಮ ಆ್ಯಪ್ ಶುರುವಾದಾಗ ಎಲ್ಲರ ಬಾಯಲ್ಲಿ ಇದ್ದದ್ದು ಅಮೆರಿಕದ ಚಂದಾ ಕ್ರೀಡಾ ಜಾಲತಾಣ ದಿ ಅಥ್ಲೆಟಿಕ್. 2016ರಲ್ಲಿ ಹುಟ್ಟಿದ್ದು. ಜಾಹೀರಾತು ಬೇಡ, ಒಂದೊಂದು ತಂಡಕ್ಕೆ ಒಬ್ಬ ವರದಿಗಾರ, ಓದುಗ ದುಡ್ಡು ಕೊಡಲಿ ಅನ್ನುವುದು ಅವರ ಲೆಕ್ಕ. ಕೊರೊನಾ ಬಂದು ಆಟಗಳು ನಿಂತಾಗ, 2020ರ ಜೂನ್‌ನಲ್ಲಿ, ಶೇ 8ರಷ್ಟು ಜನರನ್ನು ತೆಗೆದರು. 2022ರ ಜನವರಿಯಲ್ಲಿ ನ್ಯೂಯಾರ್ಕ್ ಟೈಮ್ಸ್ 55 ಕೋಟಿ ಡಾಲರ್‌ಗೆ ಅದನ್ನು ಕೊಳ್ಳಲು ಒಪ್ಪಂದ ಮಾಡಿಕೊಂಡಿತು. 2023ರ ಜೂನ್‌ನಲ್ಲಿ ಅಲ್ಲಿ ಸುಮಾರು 20 ವರದಿಗಾರರ ಕೆಲಸ ಹೋಯಿತು. ಮರು ತಿಂಗಳೇ ಟೈಮ್ಸ್ ತನ್ನದೇ ಕ್ರೀಡಾ ವಿಭಾಗ ಮುಚ್ಚುವುದಾಗಿ ಹೇಳಿತು, ಅಲ್ಲಿ 35ಕ್ಕೂ ಹೆಚ್ಚು ಜನ ಇದ್ದರು. ದಿ ಅಥ್ಲೆಟಿಕ್ ಮೊದಲ ಸಲ ಲಾಭದ ತ್ರೈಮಾಸಿಕ ಕಂಡಿದ್ದು 2024ರಲ್ಲಿ. ಇಂಗ್ಲಿಷ್ ಓದುವ ಇಡೀ ಜಗತ್ತು ಗಿರಾಕಿಯಾಗಿದ್ದರೂ ಎಂಟು ವರ್ಷ ಬೇಕಾಯಿತು. 1954ರಲ್ಲಿ ಶುರುವಾದ ಅಮೆರಿಕದ ಕ್ರೀಡಾ ಪತ್ರಿಕೆ ಸ್ಪೋರ್ಟ್ಸ್ ಇಲಸ್ಟ್ರೇಟೆಡ್‌ನಲ್ಲಿ 2024ರ ಜನವರಿಯಲ್ಲಿ ಸಾಮೂಹಿಕವಾಗಿ ಕೆಲಸದಿಂದ ತೆಗೆಯುವ ನೋಟಿಸ್ ಹೋಯಿತು. ಕಾರಣ, ಪತ್ರಿಕೆ ನಡೆಸುತ್ತಿದ್ದವರು ಆ ಹೆಸರಿನ ಮಾಲೀಕರಿಗೆ ಕೊಡಬೇಕಿದ್ದ 37.5 ಲಕ್ಷ ಡಾಲರ್ ಪರವಾನಗಿ ಕಂತು ಕಟ್ಟಿರಲಿಲ್ಲ.

ನಮ್ಮಲ್ಲಿ ಆದದ್ದು ಇಷ್ಟು. ಸ್ಕೋರ್ ಎಲ್ಲ ಕಡೆ ಪುಕ್ಕಟೆ. ಪಂದ್ಯದ ತುಣುಕು ಫೋನ್‌ನಲ್ಲಿ ಕೂಡಲೇ ಸಿಗುತ್ತದೆ. ಐಪಿಎಲ್ ಸಮಯಕ್ಕೆ ಅರ್ಧ ಬೆಲೆಗೆ ಚಂದಾ ಮಾರುತ್ತಾರೆ, ಜೂನ್ ಬಂದರೆ ಅರ್ಧ ಜನ ಬಿಟ್ಟು ಹೋಗುತ್ತಾರೆ. ಪ್ರತಿ ಲೇಖನದಿಂದ ಎಷ್ಟು ಹೊಸ ಚಂದಾದಾರರು ಬಂದರು ಅನ್ನುವ ಲೆಕ್ಕವನ್ನು ನಮಗೆ ದಿನಾ ತೋರಿಸುತ್ತಿದ್ದರು. ಆರ್‌ಸಿಬಿ ಬೌಲಿಂಗ್ ಬಗ್ಗೆ ಬರೆದದ್ದಕ್ಕೆ ಜನ ಸೇರುತ್ತಿದ್ದರು. ಖೋ ಖೋ ಹುಡುಗಿಯರ ಕಥೆಯನ್ನು ಓದಬೇಕಾದ ಯಾದಗಿರಿಯ ಜನರಿಗೆ ಚಂದಾ ಕಟ್ಟುವುದು ಆಗದ ಮಾತು. ಹಾಗಾಗಿ ಅದರ ಮುಂದೆ ಸೊನ್ನೆ ಬೀಳುತ್ತಿತ್ತು. ಆದರೆ ಆರ್‌ಸಿಬಿ ಬೌಲಿಂಗ್ ಬಗ್ಗೆ ಬರೆಯಲು ನೂರು ಜನ ಇದ್ದಾರೆ. ಆ ಹುಡುಗಿಯರ ಊರಿಗೆ ಬಸ್ ಹತ್ತಿ ಹೋಗಲು ನಾನೊಬ್ಬಳೇ ಇದ್ದೆ. ಬೇರೆಲ್ಲೂ ಸಿಗದ ವರದಿಯನ್ನೇ ಮೊದಲು ಕತ್ತರಿಸಿದರೆ, ದುಡ್ಡು ಕೊಟ್ಟು ಓದಲು ಉಳಿಯುವುದಾದರೂ ಏನು? ಇದನ್ನು ನಾನು ಸಂಪಾದಕರಿಗೂ ಬರೆದೆ. ಅವರು ಒಪ್ಪಿದರು, ಆದರೆ ಲೆಕ್ಕ ನೋಡುವವರು ಅವರಲ್ಲ.

ಆಗಸ್ಟ್‌ನಲ್ಲಿ ಬೇರೆ ಕಡೆ ಕೆಲಸ ಕೇಳುತ್ತಿದ್ದಾಗ ಆನ್‌ಲೈನ್ ಗೇಮಿಂಗ್ ಕಾಯ್ದೆ ಬಂತು. ಹಣ ಕಟ್ಟಿ ಆಡುವ ಫ್ಯಾಂಟಸಿ ಆಟಗಳು ನಿಂತವು. ಒಳ್ಳೆಯದೇ ಆಯಿತು, ನಮ್ಮ ಓಣಿಯಲ್ಲೇ ಅದರಿಂದ ಹಾಳಾದ ಹುಡುಗರಿದ್ದಾರೆ. ಆದರೆ ಕ್ರೀಡಾ ಜಾಲತಾಣಗಳು ಆ ಜಾಹೀರಾತುಗಳನ್ನೇ ನಂಬಿದ್ದವು. ಮಾತುಕತೆ ನಡೆಯುತ್ತಿದ್ದ ಒಂದು ಕಡೆಯವರು "ಸದ್ಯಕ್ಕೆ ಯಾರನ್ನೂ ತಗೊಳ್ಳುತ್ತಿಲ್ಲ" ಅಂತ ಕೈಚೆಲ್ಲಿದರು.

ಅದೇ ತಿಂಗಳು ಜಗತ್ ಸರ್ಕಲ್ ಹತ್ತಿರ ಒಬ್ಬ ವಕೀಲರನ್ನು ಕಂಡು ಲೀಗಲ್ ನೋಟಿಸ್ ಕಳಿಸಿದೆ. 3,000 ರೂಪಾಯಿ ತಗೊಂಡರು. ನೋಟಿಸ್‌ಗೆ ಉತ್ತರ ಬರಲಿಲ್ಲ. ಸೆಪ್ಟೆಂಬರ್‌ನಲ್ಲಿ ಕಾರ್ಮಿಕ ಇಲಾಖೆಗೆ ದೂರು ಕೊಟ್ಟೆ. ಕಂಪನಿ ಮುಂಬೈಯದು, ಇಲ್ಲಿ ದೂರು ತಗೊಳ್ಳುತ್ತಾರಾ ಅನ್ನುವ ಭಯ ಇತ್ತು. ನೇಮಕಾತಿ ಪತ್ರದಲ್ಲಿ ಕೆಲಸದ ಸ್ಥಳ ಕಲಬುರಗಿ ಅಂತ ಬರೆದಿತ್ತು, ಅದರಿಂದ ದಾರಿ ಸುಲಭವಾಯಿತು. ಮನೆಯಿಂದ ಕೆಲಸ ಮಾಡುವವರು ಈ ಒಂದು ಸಾಲು ಇದೆಯಾ ಅಂತ ನೋಡಿಕೊಳ್ಳಿ.

ನಿಜವಾದ ತೊಡಕು ಬೇರೆಯೇ ಇತ್ತು. ಅಧಿಕಾರಿ ನನ್ನ ನೇಮಕಾತಿ ಪತ್ರ ಎರಡು ಸಲ ಓದಿ ಕೇಳಿದರು: "ನೀವು ಪತ್ರಕರ್ತರು ಅಂತೀರಿ. ಇದರಾಗ ಎಲ್ಲೂ ಹಂಗ ಬರ್ದಿಲ್ಲಲ್ರೀ?" ಬರೆದಿರಲಿಲ್ಲ. ನನ್ನ ಹುದ್ದೆ ಅಲ್ಲಿ "ಸೀನಿಯರ್ ಕಂಟೆಂಟ್ ಸ್ಪೆಷಲಿಸ್ಟ್".

ಇದರ ಮೇಲೆ ಎಷ್ಟೆಲ್ಲ ನಿಂತಿತ್ತು ಅಂದರೆ, ಆಗ ಜಾರಿಯಲ್ಲಿದ್ದ 1955ರ ಕಾರ್ಯನಿರತ ಪತ್ರಕರ್ತರ ಕಾಯ್ದೆ ಪ್ರಕಾರ ವರದಿಗಾರರನ್ನು ತೆಗೆಯಲು ಮೂರು ತಿಂಗಳ ನೋಟಿಸ್ ಬೇಕಿತ್ತು, ಸಂಪಾದಕರಿಗೆ ಆರು ತಿಂಗಳು. ಉಳಿದವರಿಗೆ ಗ್ರಾಚ್ಯುಟಿ, ಅಂದರೆ ಕೆಲಸ ಬಿಡುವಾಗ ಸೇವೆಗಾಗಿ ಕೊಡುವ ಇಡಿಗಂಟು, ಸಿಗಲು ಐದು ವರ್ಷ ಬೇಕಾದರೆ ಪತ್ರಕರ್ತರಿಗೆ ಮೂರು ವರ್ಷ ಸಾಕು. ನನ್ನದು ನಾಲ್ಕು ವರ್ಷ. ಮೂಲ ವೇತನ 24,000 ಅಂತ ಹಿಡಿದರೆ, ಅದನ್ನು 26ರಿಂದ ಭಾಗಿಸಿ 15ರಿಂದ ಗುಣಿಸಿ ನಾಲ್ಕು ವರ್ಷಕ್ಕೆ ಲೆಕ್ಕ ಹಾಕಿದರೆ 55,000 ರೂಪಾಯಿ ದಾಟುತ್ತದೆ. ಆದರೆ ಆ ಕಾಯ್ದೆ ಹುಟ್ಟಿದ್ದು ಪತ್ರಿಕೆಗಳಿಗೆ. ಆ್ಯಪ್ ಪತ್ರಿಕೆಯೇ ಅಲ್ಲ, ಇವರು ಪತ್ರಕರ್ತರೇ ಅಲ್ಲ ಅಂತ ಕಂಪನಿ ವಾದಿಸಿತು. ನನ್ನ ಹೆಸರಿನ ಲೇಖನಗಳು, ಪಂದ್ಯಗಳಿಗೆ ಕೊಟ್ಟ ಮಾಧ್ಯಮ ಪಾಸ್‌ಗಳು, ಸಂಪಾದಕರು ವರದಿಗೆ ಕಳಿಸಿದ ಮೇಲ್‌ಗಳು, ಎಲ್ಲ ಪ್ರಿಂಟ್ ತೆಗೆಸಿ ಕೊಟ್ಟೆ. ಆ ಸಂಜೆ ಮಾಡಿಟ್ಟಿದ್ದ ಪಿಡಿಎಫ್‌ಗಳು ಇಲ್ಲಿ ಕೆಲಸಕ್ಕೆ ಬಂದವು. ಜೆರಾಕ್ಸ್ ಅಂಗಡಿಯವರಿಗೆ ನನ್ನ ಮುಖ ಪರಿಚಯವಾಗುವಷ್ಟು ಓಡಾಡಿದೆ.

ಅಕ್ಟೋಬರ್‌ನಲ್ಲಿ ಕಾರ್ಮಿಕ ಇಲಾಖೆಯಲ್ಲಿ ಸಂಧಾನ ಸಭೆ ನಡೆಯಿತು. ಕಂಪನಿ ಪರವಾಗಿ ವಕೀಲರು ಬಂದಿದ್ದರು. ಪತ್ರಕರ್ತರೇ ಅಲ್ಲ ಅನ್ನುವ ಮಾತನ್ನು ನನ್ನ ಎದುರಿಗೆ ಆಡಿದಾಗ ಮೈ ಉರಿಯಿತು. ಮೇ ತಿಂಗಳ ಕಲಬುರಗಿ ಬಿಸಿಲಲ್ಲಿ ಬೌಂಡರಿ ಗೆರೆಯ ಹತ್ತಿರ ನಿಂತು ಟಿಪ್ಪಣಿ ಮಾಡಿಕೊಂಡವಳು ನಾನು. ಆದರೂ ಸುಮ್ನೆ ಕಾಗದ ಮುಂದಿಟ್ಟೆ. ಕೊನೆಗೆ ಜೂನ್ ಸಂಬಳ, ಒಂದು ತಿಂಗಳ ನೋಟಿಸ್ ಸಂಬಳ, ರಜೆಯ ಹಣ, ವರ್ಷಕ್ಕೆ 15 ದಿನದಂತೆ ಪರಿಹಾರ, ಇಷ್ಟಕ್ಕೆ ಒಪ್ಪಿದರು. ಗ್ರಾಚ್ಯುಟಿಗೆ, ಉಳಿದ ಎರಡು ತಿಂಗಳ ನೋಟಿಸ್‌ಗೆ ಒಪ್ಪಲಿಲ್ಲ. ಕೋರ್ಟಿಗೆ ಹೋಗುವ ಶಕ್ತಿ ಆಗ ನನ್ನಲ್ಲಿ ಇರಲಿಲ್ಲ, ಸಹಿ ಹಾಕಿದೆ. ಹಣ ಎರಡು ಕಂತಿನಲ್ಲಿ ಬಂತು.

ಕಡೇ ಕಂತು ಬಂದ ತಿಂಗಳೇ, ನವೆಂಬರ್ 21ರಂದು, ಹಳೇ ಕಾಯ್ದೆಗಳ ಜಾಗಕ್ಕೆ ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವು. ಅವುಗಳಲ್ಲಿ ಕಾರ್ಯನಿರತ ಪತ್ರಕರ್ತರು ಅನ್ನುವಾಗ ಡಿಜಿಟಲ್ ಮಾಧ್ಯಮದವರನ್ನೂ ಸೇರಿಸಿದ್ದಾರೆ. ಗ್ರಾಚ್ಯುಟಿಗೆ ಪತ್ರಕರ್ತರ ಮೂರು ವರ್ಷದ ನಿಯಮ ಉಳಿದಿದೆ. ಕೆಲಸದಿಂದ ತೆಗೆದರೆ ಬಾಕಿ ಸಂಬಳ ಎರಡು ಕೆಲಸದ ದಿನದೊಳಗೆ ಕೊಡಬೇಕು. ಈ ಎರಡು ದಿನದ ನಿಯಮ ಮೊದಲು ತಿಂಗಳಿಗೆ 24,000 ರೂಪಾಯಿವರೆಗಿನ ಸಂಬಳದವರಿಗೆ ಮಾತ್ರ ಇತ್ತು, ಈಗ ಎಲ್ಲರಿಗೂ ಇದೆ. ಈಗ ಕೆಲಸ ಕಳೆದುಕೊಳ್ಳುವವರು ನನಗಿಂತ ಗಟ್ಟಿ ನೆಲದ ಮೇಲೆ ನಿಂತಿದ್ದಾರೆ. ಆದರೂ ಹೊಸ ಕೆಲಸಕ್ಕೆ ಸೇರುವಾಗ ಹುದ್ದೆಯ ಹೆಸರು ವರದಿಗಾರ ಅಥವಾ ಉಪಸಂಪಾದಕ ಅಂತಲೇ ಬರೆಸಿಕೊಳ್ಳಿ.

ಪಿಎಫ್ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ಕಂಪನಿ ನಾನು ಬಿಟ್ಟ ದಿನಾಂಕ ನಮೂದಿಸಲೇ ಇಲ್ಲ. ಅದಿಲ್ಲದೆ ಅರ್ಜಿ ಮುಂದೆ ಹೋಗುವುದಿಲ್ಲ. ಕಂಪನಿ ಕಟ್ಟಿದ ಪಿಎಫ್‌ನ ಕೊನೆಯ ಕಂತು ಬಿದ್ದು ಎರಡು ತಿಂಗಳಾದ ಮೇಲೆ ಯುಎಎನ್ (ಪಿಎಫ್ ಸದಸ್ಯರ ಗುರುತಿನ ಸಂಖ್ಯೆ) ಪೋರ್ಟಲ್‌ನಲ್ಲಿ ಆಧಾರ್ ಒಟಿಪಿ ಹಾಕಿ ನಾವೇ ನಮೂದಿಸಬಹುದು. ಇನ್ನೊಂದು, ಆಧಾರ್‌ನಲ್ಲಿ ನನ್ನ ಹೆಸರಿನ ಜೊತೆ ಅಪ್ಪನ ಹೆಸರು, ಮನೆತನದ ಹೆಸರು ಎರಡೂ ಇದೆ, ಪಿಎಫ್‌ನಲ್ಲಿ ಬರೀ ಇನಿಶಿಯಲ್. ನಮ್ಮ ಕಡೆ ಬಹಳ ಜನರದ್ದು ಹೀಗೇ ಇರುತ್ತದೆ. 2017ರ ಅಕ್ಟೋಬರ್ 1ರ ನಂತರ ಯುಎಎನ್ ಪಡೆದು, ಆಧಾರ್ ಜೋಡಿಸಿದ್ದರೆ ಕಂಪನಿಯ ಒಪ್ಪಿಗೆ ಇಲ್ಲದೆಯೇ ತಿದ್ದಿಕೊಳ್ಳಬಹುದು. ಹಳೆಯ ಯುಎಎನ್ ಆದರೆ ಕಂಪನಿಯೇ ಒಪ್ಪಬೇಕು, ಹಾಗಾಗಿ ಕೆಲಸದಲ್ಲಿ ಇರುವಾಗಲೇ ಸರಿಮಾಡಿಸಿಕೊಳ್ಳಿ. ನಾನು ಮುಕ್ಕಾಲು ಪಾಲು ತೆಗೆದು ಉಳಿದದ್ದನ್ನು ಬಿಟ್ಟಿದ್ದೇನೆ. ಪೂರ್ತಿ ಹಣ ತೆಗೆಯಲು ಎರಡು ತಿಂಗಳ ಬದಲು 12 ತಿಂಗಳು ಕಾಯಬೇಕು ಅಂತ ಪಿಎಫ್ ನೋಡಿಕೊಳ್ಳುವ ಇಪಿಎಫ್‌ಒ ಸಂಸ್ಥೆಯ ಮಂಡಳಿ 2025ರ ಅಕ್ಟೋಬರ್‌ನಲ್ಲಿ ತೀರ್ಮಾನ ಮಾಡಿದೆ. ಅರ್ಜಿ ಹಾಕುವ ದಿನ ಯಾವ ನಿಯಮ ನಡೆಯುತ್ತಿದೆ ಅಂತ ಕೌಂಟರ್‌ನಲ್ಲಿ ಕೇಳಿಕೊಳ್ಳಿ.

ಸಂಬಳ 21,000ಕ್ಕಿಂತ ಕಡಿಮೆ ಇದ್ದು ಇಎಸ್‌ಐ (ನೌಕರರ ರಾಜ್ಯ ವಿಮೆ) ಕಟ್ಟುತ್ತಿದ್ದವರು ನಮ್ಮಲ್ಲಿ ಇಬ್ಬರಿದ್ದರು. ಅವರಿಗೆ ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ ಯೋಜನೆಯಲ್ಲಿ 90 ದಿನದವರೆಗೆ ಅರ್ಧ ಸಂಬಳ ಕೇಳುವ ಅವಕಾಶ ಇತ್ತು. ಆ ಸುದ್ದಿ ಅವರಿಗೆ ಕಂಪನಿಯಿಂದ ಸಿಗಲಿಲ್ಲ, ನಾವೇ ಹುಡುಕಿ ಹೇಳಿದೆವು.

ಈಗ ಒಂದು ಕನ್ನಡ ಪತ್ರಿಕೆಗೆ ಲೇಖನಕ್ಕಿಷ್ಟು ಅಂತ ಬರೆಯುತ್ತಿದ್ದೇನೆ, ವಾರದಲ್ಲಿ ಮೂರು ದಿನ ಒಂದು ಕಾಲೇಜಿನಲ್ಲಿ ಪತ್ರಿಕೋದ್ಯಮದ ಪಾಠ. ಮೊದಲಿನ ಸಂಬಳದ ಅರ್ಧವೂ ಆಗುವುದಿಲ್ಲ. ಯಾದಗಿರಿಯ ಹುಡುಗಿಯರ ಬಗ್ಗೆ ಹೊಸದಾಗಿ ಹೋಗಿ, ಹೊಸದಾಗಿ ಬರೆದೆ. ಈ ಸಲ ಅವರ ತರಬೇತುದಾರರು ಪತ್ರಿಕೆ ಕೊಂಡು ಶಾಲೆಯ ನೋಟಿಸ್ ಬೋರ್ಡಿಗೆ ಅಂಟಿಸಿದ್ದಾರೆ. ಜೊತೆಗೆ ಕೆಲಸ ಕಳೆದುಕೊಂಡ ಹುಬ್ಬಳ್ಳಿಯ ಸಹೋದ್ಯೋಗಿಯೊಬ್ಬರು ರಾಜಿಗೆ ಸಹಿ ಹಾಕಿಲ್ಲ. ಗ್ರಾಚ್ಯುಟಿಗಾಗಿ ಮುಂದುವರಿಯುತ್ತಿದ್ದಾರೆ. ನನ್ನ ಕಾಗದಗಳ ಒಂದು ಪ್ರತಿಯನ್ನು ಅವರ ವಕೀಲರಿಗೆ ಕಳಿಸಿದ್ದೇನೆ.